ಬೇಲಿಯ ತುರಚಿ



ದಸರಾ ರಜೆಗೆ ಹೊಸಪೇಟೆಯಿಂದ ಮೊಮ್ಮಗ ಬಂದಿದ್ದ. ಕಂಪ್ಲಿ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಚೆಂಡಾಟ ನಡೆದಿತ್ತು. ಚೆಂಡು ಬೇಲಿಯೊಳಗೆ ಬಿತ್ತು. ಕೈ ಹಾಕಿದವನೇ “ಅಜ್ಜಾ, ಚೇಳು ಕಡೀತು!” ಎಂದು ಚೀರಿದ. ಓಡಿ ಹೋಗಿ ನೋಡಿದರೆ ಚೇಳಲ್ಲ, ತುರಚಿ ಬಳ್ಳಿ. ಮೊಣಕೈವರೆಗೆ ಕೆಂಪು ದದ್ದು ಎದ್ದಿದ್ದವು.

ಅವನು ಕೆರೆದುಕೊಳ್ಳಲು ಹೊರಟ. ಅಜ್ಜಿ ಕೈ ಹಿಡಿದಳು. “ಉಜ್ಜಬ್ಯಾಡಪ್ಪ, ಉಜ್ಜಿದಷ್ಟೂ ಉರೀತೈತಿ.” ಮನೆಗೆ ಕರೆತಂದು, ಪುಸ್ತಕಕ್ಕೆ ಹಚ್ಚುವ ಟೇಪನ್ನು ಮೆಲ್ಲಗೆ ಅಂಟಿಸಿ ತೆಗೆದಳು. ಚರ್ಮದ ಮೇಲಿದ್ದ ಸುಂಕು ಅದರ ಜೊತೆ ಬಂತು. ಆಮೇಲೆ ತಣ್ಣೀರಿನಲ್ಲಿ ತೊಳೆದು ಒದ್ದೆ ಬಟ್ಟೆ ಸುತ್ತಿದಳು. ಸಂಜೆಯ ಹೊತ್ತಿಗೆ ಉರಿ ಇಳಿಯಿತು. ಆದರೆ ಕಣ್ಣಿಗೆ ತಗುಲಿದರೆ, ಮುಖ ಊದಿದರೆ, ಉಸಿರಾಟ ಕಷ್ಟವಾದರೆ ಮನೆಯಲ್ಲಿ ಕೂಡಬಾರದು. ಕೂಡಲೇ ಡಾಕ್ಟರ ಬಳಿ ಹೋಗಬೇಕು.

ಈ ಬಳ್ಳಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಟ್ರೇಜಿಯಾ. 16ನೇ ಶತಮಾನದಲ್ಲಿ ಜರ್ಮನಿಯಲ್ಲಿದ್ದ ಸಸ್ಯಶಾಸ್ತ್ರಜ್ಞ ಹಿರೋನಿಮಸ್ ಬಾಕ್ ನೆನಪಿಗೆ ಇಟ್ಟದ್ದು. ಜರ್ಮನ್ ಭಾಷೆಯಲ್ಲಿ ಬಾಕ್ ಎಂದರೆ ಹೋತ. ಹೋತಕ್ಕೆ ಗ್ರೀಕ್ ಭಾಷೆಯಲ್ಲಿ ಟ್ರಾಗೋಸ್ ಎನ್ನುತ್ತಾರೆ. ಹೀಗೆ ಹೋತದ ಹೆಸರು ನಮ್ಮ ಬೇಲಿಗೆ ಬಂತು!

ತುರಚಿಯ ಚುಚ್ಚುವ ಕೂದಲಿನ ತುದಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನ ಸೂಜಿ ಇರುತ್ತದೆ. ಕೈ ತಾಗಿದೊಡನೆ ಅದು ಚರ್ಮಕ್ಕೆ ಚುಚ್ಚುತ್ತದೆ. ಅದರ ಜೊತೆಗೆ ಉರಿ ಹುಟ್ಟಿಸುವ ರಸವೂ ಒಳಗೆ ಇಳಿಯುತ್ತದೆ. ಇಂಜೆಕ್ಷನ್ ಇದ್ದಂತೆಯೇ.

ಸಿಟ್ಟಿನಿಂದ ನಾನು ಕುಡುಗೋಲು ಹಿಡಿದು ಬಳ್ಳಿಯನ್ನೆಲ್ಲ ಸವರಲು ಹೋದೆ. “ತಡೀರಿ, ಹುಳ ಅದಾವ ನೋಡ್ರಿ” ಎಂದಳು ಅಜ್ಜಿ. ಎಲೆಯ ಅಂಚಿನಲ್ಲಿ ಮುಳ್ಳುಮುಳ್ಳಿನ ಮರಿಹುಳಗಳು ಹಾಯಾಗಿ ಮೇಯುತ್ತಿದ್ದವು. ಕಾಮನ್ ಕ್ಯಾಸ್ಟರ್ ಎಂಬ ಕಂದು ಚಿಟ್ಟೆಯ ಮರಿಗಳು. ಈ ಚಿಟ್ಟೆ ಮೊಟ್ಟೆ ಇಡುವುದು ಔಡಲ ಮತ್ತು ತುರಚಿಯ ಮೇಲೆ. ಔಡಲವೂ ತುರಚಿಯೂ ಒಂದೇ ಕುಟುಂಬದವು. ದೂರದಿಂದಲೇ ನೋಡಿ, ಎರಡರ ಕಾಯಿಗೂ ಮೂರು ಹೋಳು.

ಕೊನೆಗೆ ಒಂದು ರಾಜಿಯಾಯಿತು. ಮಕ್ಕಳು ಓಡಾಡುವ ಕಾಲುದಾರಿಯ ಬದಿಯ ಹುಳವಿಲ್ಲದ ಬಳ್ಳಿಯನ್ನಷ್ಟೇ ದಪ್ಪ ಚೀಲ ಕೈಗೆ ಸುತ್ತಿಕೊಂಡು ಕಿತ್ತೆ. ಆಚೆ ಬದಿಯದನ್ನು ಬಿಟ್ಟು, ಗುರುತಿಗೆ ಕೆಂಪು ಬಟ್ಟೆ ಕಟ್ಟಿದೆವು. ಬಟ್ಟೆ ಕಟ್ಟಿದವನು ಮೊಮ್ಮಗನೇ. ರಜೆ ಮುಗಿಯುವ ಮುಂಚೆ ಚಿಟ್ಟೆ ಹೊರಬರುತ್ತದೋ ಇಲ್ಲವೋ ಎಂಬುದೊಂದೇ ಈಗ ಅವನ ಚಿಂತೆ.

ಹಂಪಿಯ ಮತಂಗ ಬೆಟ್ಟ ಹತ್ತುವಾಗ, ಸಂಡೂರಿನ ಗುಡ್ಡ ಸುತ್ತುವಾಗ, ಪೊದೆಗೆ ಕೈ ಹಾಕುವ ಮುಂಚೆ ಕಣ್ಣು ಹಾಕಿ. ನಿಮ್ಮೂರಲ್ಲಿ ತುರಚಿಗೆ ಏನೆನ್ನುತ್ತಾರೆ? ಅಜ್ಜ ಅಜ್ಜಿಯನ್ನು ಕೇಳಿ ಬರೆಯಿರಿ.