ಜಾತ್ರೆಗೆ ಬಾರದ ಸವಾರರು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದಕ್ಷಿಣ ಡಕೋಟ ಎಂಬ ರಾಜ್ಯವುಂಟು. ಅಲ್ಲಿಯ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಅಂಚಿನಲ್ಲಿರುವ ಸ್ಟರ್ಜಿಸ್ ಎಂಬ ಊರಿನ ಜನಸಂಖ್ಯೆ ಸುಮಾರು 7,000. ಆಗಸ್ಟ್ ತಿಂಗಳು ಬಂದಿತೆಂದರೆ ಈ ಸಣ್ಣ ಊರಿನಲ್ಲಿ ಮೋಟಾರು ಸೈಕಲ್ಲುಗಳ ಮಹಾಜಾತ್ರೆಯೊಂದು ನೆರೆಯುತ್ತದೆ. 1938ರಲ್ಲಿ ಜ್ಯಾಕ್‌ಪೈನ್ ಜಿಪ್ಸೀಸ್ ಎಂಬ ಸವಾರರ ಸಂಘವು ಕ್ಲಾರೆನ್ಸ್ ಹೋಯೆಲ್ ಎಂಬುವರ ಮುಂದಾಳುತನದಲ್ಲಿ ಇಲ್ಲೊಂದು ಪಂದ್ಯವನ್ನು ಏರ್ಪಡಿಸಿತು. ಅಂದು ಓಟಕ್ಕಿಳಿದವರು ಒಂಬತ್ತು ಮಂದಿ ಮಾತ್ರ. ಆ ಪಂದ್ಯವೇ ಬೆಳೆದು ಜಾತ್ರೆಯಾಯಿತು. 2015ರಲ್ಲಿ ನಡೆದ 75ನೆಯ ಜಾತ್ರೆಗೆ ಏಳು ಲಕ್ಷಕ್ಕೂ ಮೀರಿ ಜನ ಬಂದಿದ್ದರೆಂದು ಅಂದಾಜು. ಊರಿನವನೊಬ್ಬನಿಗೆ ನೂರು ಮಂದಿ ಅತಿಥಿಗಳೆಂದಾಯಿತು!

ಮೋಟಾರು ಸೈಕಲ್ಲನ್ನು ಪ್ರೀತಿಸುವವರೆಲ್ಲ ಇಂತಹ ಕೂಟಕ್ಕೆ ಓಡೋಡಿ ಬರುವರೆಂದು ನಾವು ಭಾವಿಸುವುದು ಸಹಜ. ಆದರೆ ಹಾಗಿಲ್ಲ. ಸಾವಿರಾರು ಮೈಲಿ ಸುತ್ತಿ ಪಳಗಿದ ಎಷ್ಟೋ ಸವಾರರು ಆ ದಿನಗಳಲ್ಲಿ ಸ್ಟರ್ಜಿಸ್ ಕಡೆಗೆ ತಲೆ ಹಾಕುವುದಿಲ್ಲ. ಇವರನ್ನು ಗೆಳೆಯರು ಹಾಸ್ಯ ಮಾಡುವುದುಂಟು. ಕೆಲವರು ಅಂಜುಬುರುಕರೆನ್ನುತ್ತಾರೆ, ಕೆಲವರು ಒಂಟಿಪಿಶಾಚಿಗಳೆನ್ನುತ್ತಾರೆ. 'ಜನ ಮರುಳೋ ಜಾತ್ರೆ ಮರುಳೋ' ಎಂದು ನಮ್ಮ ಹಿರಿಯರು ಕೇಳಿದ ಪ್ರಶ್ನೆಯನ್ನೇ ಈ ಸವಾರರೂ ಕೇಳುತ್ತಿದ್ದಾರೆ. ಅವರ ಹಿಂಜರಿಕೆ ಹೇಡಿತನವಲ್ಲ, ಅದರ ಹಿಂದೆ ಭೌತಶಾಸ್ತ್ರದ ಬಲವಾದ ಸಮರ್ಥನೆಯಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡೋಣ. ಅಂಗೈ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಕೋಲು ಯಾವ ಕಡೆಗೆ ವಾಲುವುದೋ ಆ ಕಡೆಗೆ ಅಂಗೈಯನ್ನು ಸರಿಸಿದರೆ ಅದು ಬೀಳುವುದಿಲ್ಲ. ಈಗ ಯಾರಾದರೂ ನಮ್ಮ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡರೆ ಏನಾದೀತು? ಕೋಲು ಕ್ಷಣದಲ್ಲಿ ಉರುಳುತ್ತದೆ. ಎರಡು ಚಕ್ರದ ವಾಹನದ ಸಮತೋಲನವೂ ಹೀಗೆಯೇ. ವಾಹನವು ಬಲಕ್ಕೆ ವಾಲಿದರೆ ಮುಂದಿನ ಚಕ್ರ ಬಲಕ್ಕೆ ಹೊರಳಬೇಕು. ಆಗ ಚಕ್ರಗಳು ಓಡಿಬಂದು ಗುರುತ್ವಕೇಂದ್ರದ ಕೆಳಗೆ ಸೇರಿಕೊಳ್ಳುತ್ತವೆ. ಬುಗುರಿಯಂತೆ ಸುತ್ತುವ ಚಕ್ರಗಳೇ ಸೈಕಲ್ಲನ್ನು ನಿಲ್ಲಿಸುತ್ತವೆಯೆಂಬ ನಂಬಿಕೆ ಬಹುಕಾಲದಿಂದ ಇತ್ತು. ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಎದುರು ದಿಕ್ಕಿಗೆ ಸುತ್ತುವ ಇನ್ನೊಂದು ಚಕ್ರವನ್ನು ಮುಂಚಕ್ರದ ಪಕ್ಕಕ್ಕೆ ಜೋಡಿಸಿ, ಆ ಬುಗುರಿಯ ಗುಣವನ್ನು ಅಳಿಸಿಹಾಕಿ, ಅಂತಹ ಸೈಕಲ್ಲನ್ನೂ ಸವಾರಿ ಮಾಡಬಹುದೆಂದು 1970ರಲ್ಲಿ ತೋರಿಸಿಕೊಟ್ಟನು. ಆದುದರಿಂದ ಸವಾರನನ್ನು ಕಾಪಾಡುವುದು ಮುಖ್ಯವಾಗಿ ಹಿಡಿಕೆಯ ಹೊರಳು. ಆ ಹೊರಳಿಗೆ ಶಕ್ತಿ ಕೊಡುವುದು ಮುನ್ನಡೆಯುವ ವೇಗ.

ಎಷ್ಟು ಶಕ್ತಿ? ಲೆಕ್ಕ ಕಷ್ಟವಲ್ಲ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಪಕ್ಕಕ್ಕೆ ದೊರೆಯುವ ವೇಗೋತ್ಕರ್ಷ ಬರುತ್ತದೆ. ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ, 25 ಮೀಟರು ತ್ರಿಜ್ಯದ ತಿರುವಿನಲ್ಲಿ ಹೋಗುವಾಗ ಈ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 4 ಮೀಟರು. ಸವಾರನು ತನ್ನ ವಾಹನದೊಡನೆ ಸುಮಾರು 22 ಡಿಗ್ರಿ ವಾಲಿ, ಹಕ್ಕಿಯಂತೆ ಆ ತಿರುವನ್ನು ದಾಟುತ್ತಾನೆ. ಅದೇ ಸವಾರನು ಜನಸಂದಣಿಯಲ್ಲಿ ನಡೆದುಹೋಗುವವನ ವೇಗದಲ್ಲಿ, ಸೆಕೆಂಡಿಗೆ ಒಂದೂವರೆ ಮೀಟರಿನಂತೆ ತೆವಳುತ್ತಿದ್ದಾನೆನ್ನೋಣ. ಹಿಡಿಕೆಯನ್ನು ಅಷ್ಟೇ ಹೊರಳಿಸಿದರೆ ಈಗ ಅವನಿಗೆ ದೊರೆಯುವುದು ಮೊದಲಿನದರ 44ರಲ್ಲಿ ಒಂದು ಪಾಲು ಮಾತ್ರ! ಜನಸಂದಣಿಯೆಂಬುದು ಅವನ ಮೊಣಕೈಯನ್ನು ಹಿಡಿದುಕೊಂಡಿದೆ.

ಆಗ ಉಳಿಯುವ ಆಸರೆ ಕಾಲುಗಳದು. ದೂರಪ್ರಯಾಣದ ದೊಡ್ಡ ವಾಹನಗಳ ತೂಕ 350 ಕಿಲೋಗ್ರಾಂ ಮೀರುವುದುಂಟು. ಅಂತಹ ವಾಹನವು ನಿಂತಲ್ಲಿ ಹತ್ತು ಡಿಗ್ರಿ ವಾಲಿದರೆ, ಅದನ್ನು ಹಿಡಿಕೆಯ ಎತ್ತರದಲ್ಲಿ ಹಿಡಿದು ತಡೆಯಲು ಸುಮಾರು 30 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಸವಾರನ ಮತ್ತು ಹಿಂಬದಿಯವನ ಭಾರ ಬೇರೆ. ವಾಲಿಕೆ ಹೆಚ್ಚಿದಂತೆಲ್ಲ ಈ ಬಲವೂ ಹೆಚ್ಚುತ್ತದೆ. ಒಮ್ಮೆ ಕೈ ಸೋತಿತೆಂದರೆ ಪಕ್ಕದ ವಾಹನದ ಮೇಲೆ, ಇಲ್ಲವೆ ಪಕ್ಕದವನ ಕಾಲ ಮೇಲೆ ಬೀಳುವುದೇ ಸರಿ.

ಎರಡನೆಯದು ಶಾಖ. ಪೆಟ್ರೋಲಿನಿಂದ ಬರುವ ಶಕ್ತಿಯಲ್ಲಿ ಎಂಜಿನ್ನು ಕೆಲಸಕ್ಕೆ ತಿರುಗಿಸುವುದು ಸುಮಾರು ಕಾಲುಭಾಗದಿಂದ ಮೂರರಲ್ಲಿ ಒಂದು ಭಾಗದವರೆಗೆ ಮಾತ್ರ. ಉಳಿದುದೆಲ್ಲ ಶಾಖವಾಗಿ ಹೊರಬೀಳಬೇಕು. ಗಾಳಿಯಿಂದ ತಣಿಯುವ ಎಂಜಿನ್ನಿನ ಸುತ್ತ ಲೋಹದ ತೆಳು ಪಟ್ಟಿಗಳಿರುವುದನ್ನು ವಾಚಕರು ನೋಡಿರಬಹುದು. ಅವುಗಳ ನಡುವೆ ನುಗ್ಗುವ ಗಾಳಿಯೇ ಶಾಖವನ್ನು ಹೊತ್ತೊಯ್ಯುತ್ತದೆ. ವಾಹನ ನಿಂತರೆ ಆ ಗಾಳಿಯೂ ನಿಲ್ಲುತ್ತದೆ. ಹಾರ್ಲೆ-ಡೇವಿಡ್‌ಸನ್ ವಾಹನಗಳಲ್ಲಿ ಎರಡು ಸಿಲಿಂಡರುಗಳು ಒಂದರ ಹಿಂದೊಂದು ಇರುವುದರಿಂದ, ಹಿಂದಿನದಕ್ಕೆ ಗಾಳಿ ಕಡಮೆ. ಅದು ಸವಾರನ ತೊಡೆಗೂ ಸಮೀಪ. ಎಂಜಿನ್ನು ಕಾದು, ವಾಹನ ನಿಂತಿರುವಾಗ ಹಿಂದಿನ ಸಿಲಿಂಡರನ್ನು ತಾತ್ಕಾಲಿಕವಾಗಿ ಸುಮ್ಮನಿರಿಸುವ ಏರ್ಪಾಡನ್ನು ಆ ಕಂಪೆನಿಯು ಕೆಲವು ಮಾದರಿಗಳಲ್ಲಿ ಮಾಡಬೇಕಾಯಿತು. ಓಡುವುದಕ್ಕೆಂದು ಕಟ್ಟಿದ ಯಂತ್ರಕ್ಕೆ ನಿಲ್ಲುವುದೇ ಶಿಕ್ಷೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮೂರನೆಯದು ಶಬ್ದ. ಒಂದು ವಾಹನದ ಶಬ್ದವು ನಮ್ಮ ಕಿವಿಯ ಬಳಿ 85 ಡೆಸಿಬೆಲ್ ಇದ್ದರೆ, ಅಂತಹವೇ ಹತ್ತು ಸೇರಿದಾಗ 95 ಡೆಸಿಬೆಲ್ ಆಗುತ್ತದೆ. ಹತ್ತೇ ಅಂಕ ಏರಿತಲ್ಲವೆ ಎಂದು ಹಗುರವಾಗಿ ಎಣಿಸಬಾರದು. ಕಾರ್ಮಿಕರ ಆರೋಗ್ಯವನ್ನು ಕುರಿತು ಸಂಶೋಧನೆ ನಡೆಸುವ ಅಮೆರಿಕದ ರಾಷ್ಟ್ರೀಯ ಸಂಸ್ಥೆಯು ದಿನವೊಂದಕ್ಕೆ 85 ಡೆಸಿಬೆಲ್ ಶಬ್ದವನ್ನು 8 ಗಂಟೆಗಳಿಗೆ ಮಿತಿಗೊಳಿಸಬೇಕೆಂದು ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಕಾಲ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 95 ಡೆಸಿಬೆಲ್ ಶಬ್ದವನ್ನು ಮುಕ್ಕಾಲು ಗಂಟೆಯಷ್ಟು ಮಾತ್ರ ಕೇಳಬಹುದು. ಜಾತ್ರೆಯಾದರೋ ದಿನವಿಡೀ ನಡೆಯುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಇನ್ನು ಊರಿನ ಹೊರಗಾದರೂ ನಿಶ್ಚಿಂತೆಯುಂಟೇ? ಅಲ್ಲಿ ಸವಾರರು ಉದ್ದನೆಯ ಸಾಲುಗಳಲ್ಲಿ ಹೋಗುತ್ತಾರೆ. ಜಪಾನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬಹುದು. 230 ಮೀಟರು ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಅವರು ಚಾಲಕರಿಗೆ ಹೇಳಿದರು. ಅಡ್ಡಿಯೇನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕಾರುಗಳು ಒಂದೆಡೆ ದಟ್ಟೈಸಿ ನಿಂತವು. ಆ ದಟ್ಟಣೆಯು ಅಲೆಯಂತೆ ಹಿಂದುಹಿಂದಕ್ಕೆ ಸರಿಯುತ್ತ ಹೋಯಿತು. ಒಬ್ಬನು ತುಸು ನಿಧಾನಿಸಿದರೆ ಹಿಂದಿನವನು ಇನ್ನಷ್ಟು, ಅವನ ಹಿಂದಿನವನು ಮತ್ತಷ್ಟು ನಿಧಾನಿಸಬೇಕಾಗುವುದೇ ಇದಕ್ಕೆ ಕಾರಣ. ಕಾರಿನವನಿಗೆ ಇದು ಬೇಸರದ ಸಂಗತಿ. ಎರಡು ಚಕ್ರದವನಿಗೆ ಪ್ರಾಣದ ಸಂಗತಿ. ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಸಾಗುವವನು ಎಚ್ಚೆತ್ತು ಬ್ರೇಕು ಹಿಡಿಯಲು ಒಂದು ಸೆಕೆಂಡು ತಡೆದರೂ ಅಷ್ಟರಲ್ಲಿ 20 ಮೀಟರು ಮುಂದೆ ಹೋಗಿರುತ್ತಾನೆ. ಸವಾರರಿಗೆ ತರಬೇತಿಯ ಕ್ರಮವನ್ನು ರೂಪಿಸುವ ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಷನ್ ಸಂಸ್ಥೆಯು ಗುಂಪಿನಲ್ಲಿ ಐದರಿಂದ ಏಳು ಮಂದಿಯಿದ್ದರೆ ಉತ್ತಮವೆಂದು ಹೇಳಿರುವುದು ಸುಮ್ಮನೆ ಅಲ್ಲ.

ಜಾತ್ರೆಯ ಪರವಾಗಿ ಹೇಳುವ ಮಾತೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಅಲ್ಲಿ ಹಳೆಯ ಗೆಳೆಯರು ಕೂಡುತ್ತಾರೆ, ಅಪೂರ್ವವಾದ ಯಂತ್ರಗಳು ಕಣ್ಣಿಗೆ ಬೀಳುತ್ತವೆ, ಹೊಸಬನು ಅನುಭವಿಗಳಿಂದ ನಾಲ್ಕು ಮಾತು ಕಲಿಯುತ್ತಾನೆ. ಊರಿನ ಅಂಗಡಿಯವನಿಗೂ ನಾಲ್ಕು ಕಾಸು ಸಿಗುತ್ತದೆ. ಇಷ್ಟವಿದ್ದವರು ಹೋಗಲಿ. ಆದರೆ ದೂರದೂರದಿಂದ ಮೋಟಾರು ಸೈಕಲ್ಲನ್ನು ಗಾಡಿಯೊಂದರ ಮೇಲೆ ಹೇರಿ, ಕಾರಿನ ಹಿಂದೆ ಎಳೆದುಕೊಂಡು ಜಾತ್ರೆಗೆ ತರುವವರೂ ಉಂಟು! ಸವಾರನನ್ನು ಹೊರಬೇಕಾದ ಯಂತ್ರವನ್ನೇ ಹೊರಬೇಕಾಗಿ ಬಂದರೆ, ಅಲ್ಲಿ ಯಂತ್ರಕ್ಕಿಂತ ಜಾತ್ರೆಯೇ ದೊಡ್ಡದಾಯಿತೆಂದು ಅರ್ಥ.

ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿಯೇ ನೀಡಲ್ಸ್ ಹೆದ್ದಾರಿಯೆಂಬ ರಮ್ಯವಾದ ದಾರಿಯಿದೆ. ಆ ರಾಜ್ಯದ ಗವರ್ನರಾಗಿದ್ದ ಪೀಟರ್ ನಾರ್ಬೆಕ್ ಕಾಲ್ನಡಿಗೆಯಲ್ಲಿಯೂ ಕುದುರೆಯ ಮೇಲೂ ತಿರುಗಾಡಿ ಅದರ ಜಾಡನ್ನು ಗೊತ್ತುಮಾಡಿದನು. 1922ರಲ್ಲಿ ಪೂರ್ಣಗೊಂಡ ಈ ದಾರಿ ಸುಮಾರು 22 ಕಿಲೋಮೀಟರು ಉದ್ದ. ಸೂಜಿಯಂತಹ ಬಂಡೆಗಳ ನಡುವೆ ಬಳುಕುವ ಅದರ ಒಂದು ಸುರಂಗದ ಅಗಲ ಸುಮಾರು ಎಂಟೇ ಅಡಿ. ನಾವು ಮೇಲೆ ಲೆಕ್ಕ ಹಾಕಿದ ಆ 22 ಡಿಗ್ರಿಯ ವಾಲಿಕೆಯ ಸುಖ ದೊರೆಯುವುದು ಇಂತಹ ತಿರುವುಗಳಲ್ಲಿ. ಜಾತ್ರೆಯ ವಾರದಲ್ಲಿ ಅಲ್ಲಿಯೂ ಸಾಲು ನಿಂತಿರುತ್ತದೆ. ಜಾತ್ರೆ ಮುಗಿದ ಮೇಲೆ ಅದೇ ದಾರಿಗೆ ಒಬ್ಬನೇ, ಇಲ್ಲವೆ ಇಬ್ಬರು ಗೆಳೆಯರೊಡನೆ ಬರುವವನು ಮೋಟಾರು ಸೈಕಲ್ಲನ್ನು ಕಡಮೆ ಪ್ರೀತಿಸುತ್ತಾನೆಂದು ಯಾರು ಹೇಳಬಲ್ಲರು?

ಇದು ದೂರದ ಅಮೆರಿಕದ ಮಾತೆಂದು ನಮ್ಮ ವಿದ್ಯಾರ್ಥಿಗಳು ಕೈಬಿಡಬಾರದು. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಜಾವಾ ಮತ್ತು ಯೆಜ್ಡಿ ವಾಹನಗಳು ಹೊರಬಂದುದರಿಂದ ಈ ಅಭಿಮಾನ ನಮ್ಮಲ್ಲಿಯೂ ಹಳೆಯದೇ. 2013ರಲ್ಲಿ ಗೋವೆಯಲ್ಲಿ ಆರಂಭವಾದ ಇಂಡಿಯಾ ಬೈಕ್ ವೀಕ್ ಎಂಬ ಮೇಳ ನಮ್ಮ ತರುಣರಿಗೆ ಅಪರಿಚಿತವಲ್ಲ. ಗೆಳೆಯರು 'ಬರುವುದಿಲ್ಲವೇ? ಹೆದರಿದೆಯಾ?' ಎಂದು ಕೆಣಕಿದಾಗ ಸಂಕೋಚಕ್ಕೆ ಸಿಕ್ಕಿ ಹೊರಟವನು, ತನ್ನ ಅಳವಿಗೆ ಮೀರಿದ ವೇಗದಲ್ಲಿ ಸಾಲನ್ನು ಹಿಂಬಾಲಿಸಿ ಅಪಾಯಕ್ಕೆ ಸಿಕ್ಕಬಹುದು. ಆ ಕ್ಷಣದಲ್ಲಿ 'ಇಲ್ಲ, ನಾನು ಬರಲಾರೆ' ಎನ್ನಲು ಬೇಕಾದ ಧೈರ್ಯ, ಹೊರಡಲು ಬೇಕಾದ ಧೈರ್ಯಕ್ಕಿಂತ ದೊಡ್ಡದು.

ಯಂತ್ರದ ಮೇಲಣ ಪ್ರೀತಿಯನ್ನು ತಲೆಯೆಣಿಕೆಯಿಂದ ಅಳೆಯಬಾರದು. ಯಂತ್ರಕ್ಕೆ ತನ್ನದೇ ಆದ ಧರ್ಮವೊಂದುಂಟು. ಮೋಟಾರು ಸೈಕಲ್ಲಿನ ಧರ್ಮ ಚಲನೆ. ಚಲಿಸುವಾಗ ಅದು ನೆಟ್ಟಗಿರುತ್ತದೆ, ತಣ್ಣಗಿರುತ್ತದೆ, ಸವಾರನ ಮಾತು ಕೇಳುತ್ತದೆ. ಇದನ್ನರಿತು ಜಾತ್ರೆಯಿಂದ ದೂರವುಳಿದವನನ್ನು ಗೆಳೆಯರು ಹಾಸ್ಯಮಾಡದಿರಲಿ. ಅವನ ದಾರಿ ಅವನಿಗೆ ಬಿಟ್ಟಿರಲಿ.