‘ದೇವವಾಕ್ಯ’ದ ಚರ್ಚೆ ಮತ್ತು ನಮ್ಮ ಮಾತಿನ ಅಮಾನತ್

ನೈಸಿಯಾದ ಸಭೆಯಲ್ಲಿ ಮತ ಹಾಕಿ ಈಸಾರನ್ನು(ಅ) ದೇವರನ್ನಾಗಿ ಮಾಡಲಾಯಿತು, ಅದಕ್ಕೆ ಮೊದಲು ಕ್ರೈಸ್ತರೆಲ್ಲರ ನಂಬಿಕೆ ನಮ್ಮದೇ ಆಗಿತ್ತು ಎಂಬ ಮಾತು ನಮ್ಮ ಪ್ರವಚನಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ನಾನೂ ಹಲವು ವರ್ಷ ತರಗತಿಯಲ್ಲಿ ಇದನ್ನೇ ಹೇಳಿದ್ದೇನೆ. ಚರಿತ್ರೆಯನ್ನು ಓದಿದಾಗ ಅದು ಸರಿಯಲ್ಲವೆಂದು ತಿಳಿಯಿತು.

ಯೋಹಾನನ ಸುವಾರ್ತೆಯ ಆರಂಭದಲ್ಲಿ ‘ಲೋಗೋಸ್’ ಎಂಬ ಗ್ರೀಕ್ ಪದವಿದೆ. ಕನ್ನಡ ಬೈಬಲ್ ಅದನ್ನು ‘ವಾಕ್ಯ’ ಎನ್ನುತ್ತದೆ. ಮಾತು, ವಿವೇಕ ಎಂಬ ಅರ್ಥಗಳೆಲ್ಲ ಆ ಪದಕ್ಕಿವೆ. ಆ ವಾಕ್ಯವೇ ಈಸಾರ ರೂಪದಲ್ಲಿ ಮನುಷ್ಯನಾಯಿತೆಂಬುದು ಕ್ರೈಸ್ತರ ನಂಬಿಕೆ. ಹಾಗಾದರೆ ಆ ವಾಕ್ಯವು ಆದಿಯಿಲ್ಲದ್ದೋ, ಸೃಷ್ಟಿಸಲ್ಪಟ್ಟದ್ದೋ? ನಾಲ್ಕನೆಯ ಶತಮಾನದಲ್ಲಿ ಈ ಪ್ರಶ್ನೆ ಅವರನ್ನು ಇಬ್ಭಾಗಿಸಿತು.

ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ವಾಕ್ಯಕ್ಕೆ ಆರಂಭವಿದೆ, ಅದು ದೇವನ ಪ್ರಥಮ ಸೃಷ್ಟಿ ಎಂದರು. ಸೃಷ್ಟಿಯಾದದ್ದು ಸೃಷ್ಟಿಯನ್ನು ರಕ್ಷಿಸಲಾರದು, ವಾಕ್ಯವು ದೇವನದೇ ಸಾರವೆಂದು ಅಥನಾಸಿಯಸ್ ವಾದಿಸಿದರು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಸಭೆ ಕರೆದನು. ಏರಿಯಸ್‌ರೊಂದಿಗೆ ಕೊನೆಯವರೆಗೂ ನಿಂತ ಬಿಷಪ್‌ಗಳು ಇಬ್ಬರೇ. ಆದರೂ ವಿವಾದ ಮುಗಿಯಲಿಲ್ಲ. ಮುಂದೆ ಬಂದ ಕೆಲವು ಚಕ್ರವರ್ತಿಗಳು ನೈಸಿಯಾದ ವಿರೋಧಿಗಳನ್ನು ಬೆಂಬಲಿಸಿದರು, ಅಥನಾಸಿಯಸ್ ಐದು ಬಾರಿ ಗಡಿಪಾರಾದರು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ನೈಸಿಯಾದ ತೀರ್ಮಾನವನ್ನೇ ದೃಢಪಡಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ನೈಸಿಯಾಕ್ಕೆ ಸುಮಾರು ಎರಡು ಶತಮಾನ ಮೊದಲೇ ಅಂತಿಯೋಕ್ಯದ ಇಗ್ನೇಷಿಯಸ್ ತಮ್ಮ ಪತ್ರಗಳಲ್ಲಿ ಈಸಾರನ್ನು ದೇವರೆಂದು ಕರೆದಿದ್ದರು. ಎರಡು, ಏರಿಯಸ್ ಕೂಡ ನಮ್ಮ ಸಾಕ್ಷಿಯಲ್ಲ. ಜಗತ್ತು ಆ ವಾಕ್ಯದ ಮೂಲಕವೇ ಸೃಷ್ಟಿಯಾಯಿತೆಂದು ಅವರೂ ನಂಬಿದ್ದರು. ಇದು ಏಕದೇವತ್ವದ ವಿಶ್ವಾಸವಲ್ಲ.

ಪವಿತ್ರ ಕುರ್‌ಆನ್ ಈಸಾರನ್ನು ಅಲ್ಲಾಹನ ‘ಕಲಿಮ’ ಎನ್ನುತ್ತದೆ (ಆಲು ಇಮ್ರಾನ್: 45, ಅನ್ನಿಸಾ: 171). ಅದೇ ಆಲು ಇಮ್ರಾನ್ ಅಧ್ಯಾಯದ 59ನೆಯ ವಚನವು ಅವರನ್ನು ಆದಮರಿಗೆ(ಅ) ಹೋಲಿಸುತ್ತದೆ. ಈಸಾ ‘ಕುನ್’ ಎಂಬ ಅಲ್ಲಾಹನ ಆಜ್ಞೆಯಿಂದ ಅಸ್ತಿತ್ವಕ್ಕೆ ಬಂದವರು, ಸೃಷ್ಟಿಕಾರ್ಯದಲ್ಲಿ ಅವನ ಸಹಭಾಗಿಯಲ್ಲ ಎಂದು ಮುಫಸ್ಸಿರರು ವಿವರಿಸಿದ್ದಾರೆ. ಇಷ್ಟು ಸ್ಪಷ್ಟವಾದ ಮಾತು ನಮ್ಮಲ್ಲಿರುವಾಗ ಏರಿಯಸ್‌ನ ಆಸರೆಯಾಗಲಿ, ನೈಸಿಯಾದ ಕಟ್ಟುಕಥೆಯಾಗಲಿ ನಮಗೇಕೆ ಬೇಕು?

ಚಕ್ರವರ್ತಿಗಳ ಹಸ್ತಕ್ಷೇಪವನ್ನು ಟೀಕಿಸುವಾಗ ನಮ್ಮ ಚರಿತ್ರೆಯನ್ನೂ ಮರೆಯಬಾರದು. 833ರಲ್ಲಿ ಖಲೀಫ ಮಅ್‌ಮೂನ್, ಕುರ್‌ಆನ್ ಸೃಷ್ಟಿಯೆಂದು ಒಪ್ಪುವಂತೆ ವಿದ್ವಾಂಸರನ್ನು ಬಲಾತ್ಕರಿಸಿದನು. ಒಪ್ಪದವರನ್ನು ತನ್ನ ಪತ್ರದಲ್ಲಿ ಕ್ರೈಸ್ತರಿಗೇ ಹೋಲಿಸಿದನು. ಆ ನಿಲುವನ್ನು ಒಪ್ಪದ ಇಮಾಮ್ ಅಹ್ಮದ್ ಇಬ್ನ್ ಹಂಬಲ್(ರ) ಸೆರೆಮನೆಯನ್ನೂ ಚಾಟಿಯೇಟನ್ನೂ ಸಹಿಸಿದರು. ಅಧಿಕಾರದ ಬಲವು ಸತ್ಯವನ್ನು ನಿರ್ಣಯಿಸುವುದಿಲ್ಲ ಎಂಬ ಪಾಠ ಅವರಿಗೂ ನಮಗೂ ಒಂದೇ.

ಗ್ರಂಥದವರೊಡನೆ ಅತ್ಯುತ್ತಮ ರೀತಿಯಲ್ಲೇ ಸಂವಾದಿಸಬೇಕೆಂದು ಅಲ್ಲಾಹನು ಆದೇಶಿಸಿದ್ದಾನೆ (ಅಲ್ ಅನ್‌ಕಬೂತ್: 46). ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ನ್ಯಾಯದಿಂದ ದೂರ ಸರಿಸಬಾರದೆಂದು ಎಚ್ಚರಿಸಿದ್ದಾನೆ (ಅಲ್ ಮಾಇದ: 8). ಅವರ ಚರಿತ್ರೆಯನ್ನು ತಿರುಚಿ ಹೇಳುವುದು ಅತ್ಯುತ್ತಮ ರೀತಿಯೂ ಅಲ್ಲ, ನ್ಯಾಯವೂ ಅಲ್ಲ. ಚರಿತ್ರೆ ಬಲ್ಲ ನೆರೆಮನೆಯ ಕ್ರೈಸ್ತನು ನಮ್ಮ ಒಂದು ತಪ್ಪು ಮಾತನ್ನು ಹಿಡಿದರೆ, ಮರುಕ್ಷಣ ನಾವು ಹೇಳುವ ತೌಹೀದನ್ನೂ ಸಂಶಯದಿಂದಲೇ ಕೇಳುತ್ತಾನೆ. ಆ ನಷ್ಟಕ್ಕೆ ಹೊಣೆ ನಾವೇ.

ಆದ್ದರಿಂದ ಪೋಷಕರೇ, ಮಕ್ಕಳು ಈಸಾರ ಬಗ್ಗೆ ಕೇಳಿದಾಗ ಮೊದಲು ಕುರ್‌ಆನ್ ಹೇಳಿದ್ದನ್ನು ತಿಳಿಸಿರಿ. ಕ್ರೈಸ್ತರು ಏನು ನಂಬುತ್ತಾರೆಂಬುದನ್ನು ಅವರೇ ಹೇಳುವಂತೆ ಹೇಳಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿರಿ. ಸತ್ಯಕ್ಕೆ ಸುಳ್ಳಿನ ಊರುಗೋಲು ಬೇಡ. ನಾಲಗೆಯ ಅಮಾನತನ್ನು ಕಾಪಾಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.