ಬ್ಲಾಕ್ ಇಲ್ಲ ಅಂದ್ರಲ್ಲ, ಮತ್ತ ಆಪರೇಷನ್ ಯಾಕ?

“ಆಂಜಿಯೋ ಆತಪ್ಪ. ಬ್ಲಾಕ್ ಏನೂ ಇಲ್ಲಂತ. ಆದ್ರ ವಾಲ್ವ್ ಬದ್ಲಿ ಮಾಡ್ಬೇಕಂತ.”

ರಾರಾವಿಯಂಥ ಊರಿನಿಂದ ಬೆಂಗಳೂರಿನ ಆಫೀಸಿಗೆ ಇಂಥದ್ದೊಂದು ಫೋನ್ ಬಂತು ಅಂದುಕೊಳ್ಳಿ. ಮೀಟಿಂಗ್ ಬಿಟ್ಟು ಎದ್ದು ಬರ್ತೀವಿ. ರಿಪೋರ್ಟ್ ವಾಟ್ಸ್‌ಆ್ಯಪ್ ಮಾಡಿ ಅಂತೀವಿ. ಫೋಟೊ ಬರುತ್ತೆ, ಅರ್ಧ ಮಸುಕು. ಮೊದಲ ಸಾಲಲ್ಲೇ ‘ನಾರ್ಮಲ್ ಕೊರೊನರಿಸ್’ ಅಂತ ಕಂಡು ಅರ್ಧ ಜೀವ ಬರುತ್ತೆ. ಕೆಳಗಿನ ಸಾಲು ಓದಿದರೆ ಆ ಅರ್ಧವೂ ಹೋಗುತ್ತೆ. ಊರಲ್ಲಿ ಆಗಲೇ ಒಬ್ಬರು ಹೇಳಿಯಾಗಿರುತ್ತೆ: “ಎಲ್ಲಾ ನಾರ್ಮಲ್ ಅಂದ ಮ್ಯಾಲೆ ಎದಿ ಯಾಕ ಕೊಯ್ಯಬೇಕು? ದುಡ್ಡಿಗಾಗಿ ಹೇಳ್ತಾರ, ಸುಮ್ನಿರು.”

ಈ ಮಾತು ಕೇಳಿ ಸುಮ್ಮನಿದ್ದು ಕೆಟ್ಟವರಿದ್ದಾರೆ. ಅದಕ್ಕೇ ಈ ವಾರ ವಾಲ್ವ್ ಬಗ್ಗೆ.

ಆಂಜಿಯೋ ನೋಡಿದ್ದು ಬೇರೆ, ಕೆಟ್ಟಿರೋದು ಬೇರೆ

ಹೊಲದ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಮೋಟರಿಗೆ ಕರೆಂಟ್ ತರೋ ವೈರ್ ಒಂದು. ಎತ್ತಿದ ನೀರು ವಾಪಸ್ ಬಾವಿಗೆ ಇಳಿಯದಂತೆ ತಡೆಯೋ ಫುಟ್‌ವಾಲ್ವ್ ಇನ್ನೊಂದು. ವೈರ್ ಸರಿ ಇದ್ದರೂ ಫುಟ್‌ವಾಲ್ವ್ ಕೆಟ್ಟರೆ ಮೋಟರ್ ಓಡ್ತಾನೇ ಇರುತ್ತೆ, ನೀರು ಮಾತ್ರ ಮೇಲೆ ಬರಲ್ಲ. ಹಾಗೇ ಓಡಿಸುತ್ತಾ ಹೋದರೆ ಒಂದು ದಿನ ಮೋಟರೇ ಸುಡುತ್ತೆ.

ಕೈ ಮಣಿಕಟ್ಟಿನಿಂದ ಅಥವಾ ತೊಡೆಯ ಸಂದಿಯಿಂದ ತೆಳ್ಳನೆಯ ನಳಿಕೆ ಕಳಿಸಿ, ಬಣ್ಣದ ದ್ರವ ಬಿಟ್ಟು ನೋಡೋದೇ ಕ್ಯಾತಿಟರ್ ಪರೀಕ್ಷೆ. ಅದರಲ್ಲಿ ಮುಖ್ಯವಾಗಿ ಕಾಣೋದು ವೈರ್, ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡೋ ಕೊರೊನರಿ ನಾಳಗಳು. ಅಗತ್ಯವಿದ್ದರೆ ಹೃದಯದ ಕೋಣೆಗಳ ಒಳಗಿನ ಒತ್ತಡವನ್ನೂ ಅಳೀತಾರೆ. ಕವಾಟ ಎಷ್ಟು ಕೆಟ್ಟಿದೆ ಅನ್ನೋದು ಬಹುಪಾಲು ಎಕೋದಲ್ಲೇ ಗೊತ್ತಾಗಿರುತ್ತೆ. ಹಾಗಾದರೆ ಆಂಜಿಯೋ ಯಾಕೆ ಮಾಡಿದರು? ಎದೆ ತೆರೆಯೋದೇ ಆದರೆ ಬೈಪಾಸೂ ಬೇಕಾಗುತ್ತಾ, ಎರಡನ್ನೂ ಒಂದೇ ಸಲಕ್ಕೆ ಮುಗಿಸಬೇಕಾ ಅಂತ ತಿಳಿಯೋದಕ್ಕೆ. ಬ್ಲಾಕ್ ಇಲ್ಲ ಅಂದರೆ ಆಪರೇಷನ್ ಬೇಡ ಅಂತ ಅರ್ಥ ಅಲ್ಲ. ಆಪರೇಷನ್ನಿನಲ್ಲಿ ಒಂದು ಕೆಲಸ ಕಡಿಮೆ ಆಯ್ತು ಅಂತ ಅರ್ಥ.

ಹೃದಯದಲ್ಲಿ ಕವಾಟಗಳು 4. ಹೆಚ್ಚು ಕೆಡೋದು ಎಡಗಡೆಯ ಎರಡು: ಮೈಟ್ರಲ್ ಮತ್ತು ಏರೋಟಿಕ್. ಕವಾಟ ಸರಿಯಾಗಿ ತೆರೆಯದಿದ್ದರೆ ರಿಪೋರ್ಟಿನಲ್ಲಿ ‘ಸ್ಟೆನೋಸಿಸ್’ ಅಂತಿರುತ್ತೆ. ಸರಿಯಾಗಿ ಮುಚ್ಚದೆ ಸೋರಿದರೆ ‘ರೀಗರ್ಜಿಟೇಶನ್’. ಪಕ್ಕದಲ್ಲಿ ‘ಸಿವಿಯರ್’ ಅಂತಿದ್ದರೆ ಆ ಪದದ ಮೇಲೆ ಕಣ್ಣಿಡಿ.

ಇದು ಯಾಕೆ ಬಂತು?

ನಮ್ಮ ಕಡೆ ಹಳೇ ಕಾರಣ ಒಂದಿದೆ: ರುಮ್ಯಾಟಿಕ್ ಜ್ವರ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದಿರುತ್ತೆ, ಮಂಡಿ-ಮೊಣಕೈ ಊದಿರುತ್ತೆ, ತಾನಾಗಿ ವಾಸಿಯೂ ಆಗಿರುತ್ತೆ. ಆಗ ಕವಾಟಕ್ಕೆ ಬಿದ್ದ ಏಟು 15-20 ವರ್ಷ ಆದಮೇಲೆ ಉಬ್ಬಸವಾಗಿ ಕಾಣುತ್ತೆ. ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗೋದೇ ಬಸುರಿಯಾದಾಗ. ಇನ್ನು ವಯಸ್ಸಾದವರಲ್ಲಿ ಏರೋಟಿಕ್ ಕವಾಟಕ್ಕೆ ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾಗುತ್ತೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಆ ಕವಾಟಕ್ಕೆ ಮೂರರ ಬದಲು ಎರಡೇ ಎಸಳು ಇರುತ್ತೆ. ಅಂಥವರಲ್ಲಿ ಅದು ಬೇಗ ಸವೆಯುತ್ತೆ.

ಒಂದು ವಿಷಯ ಖಚಿತವಾಗಿ ತಿಳಿದಿರಲಿ. ಗಟ್ಟಿಯಾದ ಕವಾಟವನ್ನು ಮೆತ್ತಗೆ ಮಾಡೋ ಮಾತ್ರೆ ಇಲ್ಲ. ಮಾತ್ರೆ ನೀರು ಇಳಿಸುತ್ತೆ, ಬಡಿತ ಹತೋಟಿಗೆ ತರುತ್ತೆ, ಅಷ್ಟೇ. ಏರೋಟಿಕ್ ಕವಾಟ ತೀವ್ರವಾಗಿ ಕಿರಿದಾಗಿ, ಏದುಸಿರು, ಎದೆನೋವು, ತಲೆಸುತ್ತಿ ಬೀಳೋದು ಶುರುವಾದ ಮೇಲೂ ಹಾಗೇ ಬಿಟ್ಟರೆ ಸರಾಸರಿ ಆಯಸ್ಸು 2-3 ವರ್ಷ ಮಾತ್ರ ಅಂತ ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. “ಭತ್ತ ಕೊಯ್ಲು ಮುಗೀಲಿ, ನೋಡೋಣ” ಅನ್ನೋ ಮುಂಚೆ ಡಾಕ್ಟರನ್ನು ನೇರವಾಗಿ ಕೇಳಿ: ಎಷ್ಟು ವಾರ ಕಾಯಬಹುದು? ಕಾಯುವಾಗ ಪ್ರಜ್ಞೆ ತಪ್ಪಿದರೆ, ಮಲಗಿದರೆ ಉಸಿರು ಕಟ್ಟಿದರೆ, ಎದೆ ಹಿಡಿದರೆ ಆ ಲೆಕ್ಕ ಮುಗೀತು, ಅವತ್ತೇ ಹೊರಡಬೇಕು.

ಎದೆ ತೆರೆಯಲೇಬೇಕಾ?

ಎಲ್ಲರಿಗೂ ಬೇಕಿಲ್ಲ. ಮೈಟ್ರಲ್ ಕವಾಟ ಕಿರಿದಾಗಿದ್ದು, ಎಸಳು ಇನ್ನೂ ಮೆತ್ತಗಿದ್ದು, ಸೋರಿಕೆ ಹೆಚ್ಚಿಲ್ಲದಿದ್ದರೆ, ಒಳಗೆ ರಕ್ತ ಹೆಪ್ಪುಗಟ್ಟಿರದಿದ್ದರೆ, ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಹಿಗ್ಗಿಸಬಹುದು. ಇದನ್ನು ಅತಿ ಹೆಚ್ಚು ಮಾಡಿರೋ ಜಗತ್ತಿನ ಕೇಂದ್ರಗಳಲ್ಲಿ ನಮ್ಮ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಒಂದು. ಸೋರುವ ಕವಾಟವನ್ನು ಕೆಲವೊಮ್ಮೆ ಬದಲಿಸದೆ ರಿಪೇರಿ ಮಾಡಬಹುದು. “ರಿಪೇರಿ ಆಗಲ್ವಾ?” ಅನ್ನೋದು ದಡ್ಡ ಪ್ರಶ್ನೆ ಅಲ್ಲ, ಕೇಳಲೇಬೇಕಾದ ಪ್ರಶ್ನೆ.

ಬದಲಿಸಲೇಬೇಕಾದರೆ ಸಾಮಾನ್ಯ ದಾರಿ ಎದೆ ತೆರೆಯೋದು. ಹೃದಯವನ್ನು ಕೊಂಚ ಹೊತ್ತು ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಹೊಸ ಕವಾಟ ಹೊಲಿಯೋದು. ಇನ್ನೊಂದು ದಾರಿ ಟಾವಿ. ಅದು ಹೇಗೆ ಅಂತೀರಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಗಿದ್ದು ಸಿರುಗುಪ್ಪದ ಯಾವ ರೈತನೂ ಮರೆತಿಲ್ಲ. ಡ್ಯಾಂ ಪೂರ್ತಿ ಖಾಲಿ ಮಾಡದೆ, ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದಲ್ಲೇ ನೀರು ನಿಲ್ಲಿಸಿದರು. ಟಾವಿಯೂ ಹಾಗೇ. ಮಡಚಿದ ಕವಾಟವನ್ನು ನಳಿಕೆಯೊಳಗೆ ಕಳಿಸಿ, ಬಡಿಯೋ ಹೃದಯದಲ್ಲೇ ಹಳೇ ಕವಾಟದೊಳಗೆ ಅರಳಿಸ್ತಾರೆ. ಎಚ್.ಡಿ. ಕುಮಾರಸ್ವಾಮಿ ಅವರಿಗೆ 2017ರಲ್ಲಿ ಬೆಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು. 2024ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ಆಗಿದ್ದು ಟಾವಿ. ಮರುತಿಂಗಳೇ ಮಂಡ್ಯದಲ್ಲಿ ಪ್ರಚಾರಕ್ಕಿಳಿದರು. ಆದರೆ ಟಾವಿ ಮುಖ್ಯವಾಗಿ ಏರೋಟಿಕ್ ಕವಾಟಕ್ಕೆ, ಅದರಲ್ಲೂ ವಯಸ್ಸಾದವರಿಗೆ ಮತ್ತು ಎದೆ ತೆರೆಯೋದು ಅಪಾಯ ಅನ್ನಿಸುವವರಿಗೆ. ಖರ್ಚೂ ಹಲವು ಲಕ್ಷ.

ಲೋಹದ್ದೋ, ಅಂಗಾಂಶದ್ದೋ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಮನೆಯವರು ನಿಜವಾಗಿ ಕೂತು ಯೋಚಿಸಬೇಕಾದ್ದು ಇದೊಂದೇ. ಇದಕ್ಕೆ ಉತ್ತರ ಆಸ್ಪತ್ರೆಯಲ್ಲಿ ಅರ್ಧ ಸಿಗುತ್ತೆ, ಉಳಿದರ್ಧ ಊರಲ್ಲಿ.

ಲೋಹದ ಕವಾಟ ಗಟ್ಟಿ. ಬಹುಪಾಲು ಜೀವನಪೂರ್ತಿ ಬಾಳುತ್ತೆ. ನಮ್ಮ ದೇಶದ್ದೇ ಒಂದಿದೆ: ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ರೂಪಿಸಿದ್ದು. ಮೊದಲ ಮೂರು ಮಾದರಿ ಸೋತು, ನಾಲ್ಕನೆಯದು ಗೆದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಿದ್ದಾರೆ, ವಿದೇಶಿ ಕವಾಟಕ್ಕಿಂತ ಅಗ್ಗ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಲೋಹಕ್ಕೆ ಒಂದು ಷರತ್ತಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಸಾಯೋವರೆಗೂ ನುಂಗಬೇಕು. ‘ಹೊಸ ಕಾಲದ’ ರಕ್ತ ತೆಳು ಮಾತ್ರೆಗಳು ಲೋಹದ ಕವಾಟಕ್ಕೆ ನಡೆಯಲ್ಲ. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕೆ ಐಎನ್‌ಆರ್ ಅನ್ನೋ ರಕ್ತಪರೀಕ್ಷೆ: ಮೊದಮೊದಲು ಪದೇ ಪದೇ, ಆಮೇಲೆ ಸಾಮಾನ್ಯವಾಗಿ ತಿಂಗಳಿಗೊಮ್ಮೆಯಾದರೂ. ಏರೋಟಿಕ್‌ಗೆ ಹೆಚ್ಚಾಗಿ 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5ರ ನಡುವೆ ಇರಬೇಕು.

ಅಂಗಾಂಶದ ಕವಾಟ ದನದ ಹೃದಯದ ಹೊದಿಕೆಯಿಂದಲೋ ಹಂದಿಯ ಕವಾಟದಿಂದಲೋ ಆಗಿರುತ್ತೆ. ಕೆಲವು ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಆಪರೇಷನ್ ಆದಮೇಲೆ ತಿಳಿಯೋದಕ್ಕಿಂತ ಮೊದಲೇ ತಿಳಿದಿರಲಿ. ಬೇರೆ ತೊಂದರೆ ಇಲ್ಲದಿದ್ದರೆ ರಕ್ತ ತೆಳು ಮಾತ್ರೆ ಕೆಲವು ತಿಂಗಳಷ್ಟೇ. ಆದರೆ 10-15 ವರ್ಷಕ್ಕೆ ಸವೆಯುತ್ತೆ, ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಹಾಗಾಗಿ ಸಾಮಾನ್ಯವಾಗಿ 50ರ ಒಳಗಿನವರಿಗೆ ಲೋಹ, 65 ದಾಟಿದವರಿಗೆ ಅಂಗಾಂಶ ಅಂತಾರೆ. ನಡುವಿನವರಿಗೆ ಮಾತುಕತೆ.

ಆ ಮಾತುಕತೆಯಲ್ಲಿ ರಾರಾವಿ ಬರಬೇಕು. ತಿಂಗಳು ತಿಂಗಳು ಐಎನ್‌ಆರ್ ಎಲ್ಲಿ? ಸಿರುಗುಪ್ಪದ ಯಾವ ಲ್ಯಾಬ್ ಮಾಡುತ್ತೆ, ಅವತ್ತೇ ರಿಪೋರ್ಟ್ ಕೊಡುತ್ತಾ? ಇಲ್ಲವಾದರೆ ಬಳ್ಳಾರಿ, ಸಿರುಗುಪ್ಪದಿಂದ ಮತ್ತೆ 50 ಕಿ.ಮೀ.ಗೂ ಮೇಲೆ. ಆದೋನಿ ಹತ್ತಿರವಾ? ನಾಟಿ, ಕೊಯ್ಲಿನ ದಿನಗಳಲ್ಲಿ ಅಪ್ಪ ಒಂದು ದಿನ ಬಿಟ್ಟು ಹೋಗ್ತಾರಾ? ರಿಪೋರ್ಟ್ ನೋಡಿ ಡೋಸ್ ಹೇಳೋರು ಯಾರು? ಇದಕ್ಕೆಲ್ಲ ಉತ್ತರ ಇದ್ದರೆ ಲೋಹದ ಕವಾಟ ಒಳ್ಳೇ ಕವಾಟ. ಇಲ್ಲದಿದ್ದರೆ ಗಟ್ಟಿ ಅನ್ನೋ ಕಾರಣಕ್ಕೇ ಹಾಕಿಸಿದ್ದು ಮುಂದೆ ಕೈಕೊಡಬಹುದು. ಸರ್ಜನ್‌ಗೆ ಹೃದಯ ಗೊತ್ತು. ಅಪ್ಪ ಬಸ್ಸು ಹತ್ತೋದು ಗೊತ್ತಿರೋದು ನಿಮಗೆ. ಅದನ್ನು ಅವರಿಗೆ ಹೇಳಿ.

ಊಟದ ವಿಷಯ. ಪುಂಡಿಪಲ್ಯ ಬಿಡಬೇಕಾ? ಬೇಡ. ಸೊಪ್ಪಿನಲ್ಲಿರೋ ವಿಟಮಿನ್ ‘ಕೆ’ ಮಾತ್ರೆಗೆ ಎದುರು ನಿಲ್ಲುತ್ತೆ ನಿಜ, ಆದರೆ ಕೆಡಿಸೋದು ಏರುಪೇರು. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಅನ್ನೋ ಥರ ಆಗಬಾರದು. ಇದಕ್ಕಿಂತ ದೊಡ್ಡ ಅಪಾಯ ಊರಿನ ಸೂಜಿ. ಮೈಕೈ ನೋವಿಗೆ ಸೊಂಟಕ್ಕೊಂದು ಇಂಜೆಕ್ಷನ್, ಮೆಡಿಕಲ್ ಶಾಪಿನ ನೋವಿನ ಮಾತ್ರೆ, ಹೆಸರು ಗೊತ್ತಿಲ್ಲದ ನಾಟಿ ಔಷಧಿ: ವಾರ್ಫರಿನ್ ಜೊತೆ ಇವು ಒಳಗೇ ರಕ್ತ ಸುರಿಸಬಹುದು.

ಮದುವೆಯಾಗಬೇಕಾದ ಹುಡುಗಿಯಾದರೆ

ರುಮ್ಯಾಟಿಕ್ ಕಾಯಿಲೆ ಎಷ್ಟೋ ಸಲ ಹಿಡಿಯೋದು 25-30ರ ಹೆಣ್ಣುಮಕ್ಕಳನ್ನ. ಆಗ ಮನೆಯಲ್ಲಿ ಪಿಸುಮಾತು ಶುರು. ಎದೆ ಮೇಲೆ ಗಾಯ ಉಳಿಯುತ್ತಾ, ಸಂಬಂಧ ಕೇಳಿಬಂದವರಿಗೆ ಹೇಳೋದಾ. ಅಪ್ಪ, ಮಾವ, ಅಣ್ಣ ಡಾಕ್ಟರ ಎದುರು ಕೂತಿರ್ತಾರೆ. ಯಾರ ಹೃದಯವೋ ಅವಳು ಹೊರಗೆ ಬೆಂಚಿನ ಮೇಲೆ. ಒಳಗೆ ನಡೆಯೋದು ಅವಳ ಬಸುರಿನ ಮಾತು. ವಾರ್ಫರಿನ್ ಹೊಟ್ಟೆಯಲ್ಲಿರೋ ಮಗುವಿಗೆ ಹಾನಿ ಮಾಡಬಲ್ಲದು. ಹಾಗಂತ ನಿಲ್ಲಿಸಿದರೆ ಲೋಹದ ಕವಾಟದಲ್ಲಿ ಹೆಪ್ಪುಗಟ್ಟಿ ತಾಯಿಯ ಜೀವಕ್ಕೇ ಕುತ್ತು. ಅಂಗಾಂಶದ ಕವಾಟವಾದರೆ ಬಸುರು ಸುಲಭ, ಆದರೆ ಇನ್ನೊಂದು ಆಪರೇಷನ್ ಹೆಚ್ಚುಕಡಿಮೆ ಖಾತ್ರಿ. ಮಗು ಬೇಕಾ, ಯಾವಾಗ, ಎರಡನೇ ಆಪರೇಷನ್ನಿಗೆ ತಯಾರಾ: ಇದಕ್ಕೆ ಅಣ್ಣ ಉತ್ತರ ಕೊಡೋಕಾಗಲ್ಲ. ಅವಳನ್ನು ಒಳಗೆ ಕರೀರಿ.

ದುಡ್ಡು ಮತ್ತು ಕಾಗದ

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ 30, ಗರಿಷ್ಠ 1.5 ಲಕ್ಷ. ತುರ್ತು ಅಲ್ಲದ ದೊಡ್ಡ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಅದನ್ನು ಮೊದಲೇ ಮಾಡಿಸಿ. ಜಯದೇವ ಈಗ ಕಲಬುರಗಿಯಲ್ಲೂ ಇದೆ. ಪುಟ್ಟಪರ್ತಿ ಮತ್ತು ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಗಳಲ್ಲಿ ಹೃದಯದ ಚಿಕಿತ್ಸೆ ಉಚಿತ. ನಿಮ್ಮ ಕಂಪನಿ ವಿಮೆಯಲ್ಲಿ ಅಪ್ಪ-ಅಮ್ಮ ಸೇರಿದ್ದರೆ ಮಿತಿ ಎಷ್ಟು, ಕವಾಟದ ಬೆಲೆಗೆ ಬೇರೆ ಮಿತಿ ಇದೆಯಾ, ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ.

ತಾರೀಕು ಬರೋವರೆಗೆ

- ಹಲ್ಲಿನ ಡಾಕ್ಟರಿಗೆ ತೋರಿಸಿ. ಕೊಳೆತ ಹಲ್ಲಿನ ಸೋಂಕು ರಕ್ತದಲ್ಲಿ ಹೋಗಿ ಹೊಸ ಕವಾಟಕ್ಕೆ ಕೂರಬಹುದು. ಆಪರೇಷನ್ ಆದಮೇಲೂ ಹಲ್ಲು ಕೀಳಿಸೋ ಮುಂಚೆ ಕವಾಟದ ವಿಷಯ ಹೇಳಲೇಬೇಕು.
- ಬೀಡಿ, ತಂಬಾಕು ಇವತ್ತೇ ಬಂದ್. ಮೂರು ಚೆಂಡಿನ ಉಸಿರಾಟದ ಆಟಿಕೆ ಕೊಟ್ಟರೆ ದಿನಾ ಊದಿಸಿ, ಎಳೆಸಿ.
- ಈಗ ನುಂಗುತ್ತಿರೋ ಎಲ್ಲ ಮಾತ್ರೆಯ ಪಟ್ಟಿ ಬರೀರಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಲಿ, ನೀವೇ ನಿಲ್ಲಿಸಬೇಡಿ.
- ರುಮ್ಯಾಟಿಕ್ ಆಗಿದ್ದು 21 ದಿನಕ್ಕೊಮ್ಮೆ ಪೆನಿಸಿಲಿನ್ ನಡೀತಿದ್ದರೆ, ಆಪರೇಷನ್ ಆಯ್ತು ಅಂತ ಅದು ನಿಲ್ಲಲ್ಲ. ಕೇಳಿ ತಿಳಿಯಿರಿ.
- ಎದೆಮೂಳೆ ಕೂಡೋಕೆ 2-3 ತಿಂಗಳು. ಅಷ್ಟು ದಿನ ಭಾರ ಎತ್ತಂಗಿಲ್ಲ, ಬೈಕ್ ಇಲ್ಲ. ಹೊಲ, ದನ ಯಾರು ನೋಡ್ಕೋತಾರೆ ಅಂತ ಈಗಲೇ ಗೊತ್ತು ಮಾಡಿ. ಎಷ್ಟೋ ಜನ ಆಪರೇಷನ್ ಮುಂದೂಡೋದು ಭಯಕ್ಕಲ್ಲ, ಇದಕ್ಕೆ.

ಕೊನೆಗೊಂದು. ರಿಪೋರ್ಟ್ ಓದಿ, ವಿಡಿಯೋ ನೋಡಿ, ಅಂಕಿಅಂಶ ತಿಳಿದು ನೀವು ಪಕ್ಕಾ ಆದಮೇಲೆ ಊರಿಗೆ ಫೋನ್ ಮಾಡ್ತೀರಿ. “ಅಮ್ಮಾ, ಇದೇ ಮಾಡಿಸೋಣ” ಅಂತೀರಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿ: “ನಿನಗೇನು ಅನ್ನಿಸ್ತದ?” “ನನಗೇನು ತಿಳೀತದಪ್ಪ, ನೀವು ಹೆಂಗ ಹೇಳ್ತೀರೋ ಹಂಗ” ಅಂತ ಉತ್ತರ ಬರಬಹುದು. ಫೋನ್ ಇಡಬೇಡಿ. ಸ್ವಲ್ಪ ಸುಮ್ಮನಿರಿ. ಅವರಿಗೆ ನಿಜವಾಗಿ ಯಾವುದರ ಭಯ ಅನ್ನೋದು ಆಮೇಲೆ ಬರುತ್ತೆ.